ಹೆರಿಗೆ ವಾರ್ಡಿನ ಮೊದಲ ಒಲೆ

ಮೀಗಹವೆವ
ಜುಲೈ 2, 1961

ಶ್ರೀಮತಿ ಇಂದ್ರಾಣಿ ತಿಲಕರತ್ನ ಅವರಿಗೆ,
ನರ್ಸ್, ದೊಡ್ಡಾಸ್ಪತ್ರೆ, ಕುರುನೇಗಲ

ಮಾನ್ಯರೇ,

ಮೀಗಹವೆವ ಆಸ್ಪತ್ರೆ ಅಭಿವೃದ್ಧಿ ಸಂಘದ ಕಾರ್ಯದರ್ಶಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಇದು ಸಂಘದ ಪತ್ರ. ಇದರಲ್ಲಿ ಬೇರೆ ಅರ್ಥ ಹುಡುಕುವ ಅಗತ್ಯವಿಲ್ಲ.

ನಮ್ಮೂರ ಔಷಧಾಲಯಕ್ಕೆ ಹೆರಿಗೆ ವಾರ್ಡು ಮಂಜೂರಾಗಿದೆ! ಸಂಘದ ಪತ್ರದಲ್ಲಿ ಹೀಗೆಲ್ಲ ಉದ್ಗಾರ ಹಾಕಬಾರದು ಎಂದು ಗೊತ್ತು. ಹಾಕಿ ಆಗಿದೆ, ಇರಲಿ. ಇಲಾಖೆಯವರದು ಒಂದೇ ಷರತ್ತು. ಕಟ್ಟಡವನ್ನು ಊರಿನವರೇ ಶ್ರಮದಾನದಿಂದ ಎಬ್ಬಿಸಬೇಕು. ಬರುವ ಏಪ್ರಿಲ್ ಮುಗಿಯುವುದರೊಳಗೆ ಎದ್ದು ನಿಂತರೆ ಅವರು ಮಿಡ್‌ವೈಫ್ ಕೊಡುತ್ತಾರೆ, ನರ್ಸ್ ಕೊಡುತ್ತಾರೆ, ‘ಔಷಧಾಲಯ’ ಎಂಬ ಹಲಗೆ ಇಳಿದು ‘ಆಸ್ಪತ್ರೆ’ ಎಂಬ ಹಲಗೆ ಏರುತ್ತದೆ. ಆಗದಿದ್ದರೆ ವಾರ್ಡು ಪಕ್ಕದೂರಿಗೆ. ಕೆರೆಯಲ್ಲಿ ನೀರು ನಿಲ್ಲಿಸಿಕೊಳ್ಳಲು ಬಾರದ ಜನ, ಅವರಿಗೆ ವಾರ್ಡು ಬೇರೆ ಕೇಡು!

ಆರು ಹಾಸಿಗೆಯ ವಾರ್ಡಿಗೆ ಏನೇನು ಬೇಕು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕನಗಸಬೈ ಡಾಕ್ಟರಿಗೆ ಅಂಗಡಿಯಷ್ಟು ಔಷಧಿ ಗೊತ್ತು, ಹೆರಿಗೆ ಎಂದರೆ ಮಾತು ಬದಲಿಸುತ್ತಾರೆ. ಸಭೆಯಲ್ಲಿ ನೆರೆಮನೆಯ ರನ್ ಏತನ ಎದ್ದು ನಿಂತು, “ಅಲ್ಲಾ ಟೀಚರಮ್ಮ, ಮನೇಲೇ ನರ್ಸ್ ಮಗಳನ್ನ ಇಟ್ಕೊಂಡು ಊರೆಲ್ಲಾ ಕೇಳ್ತಾ ಕೂತಿದೀರಲ್ಲಾ, ಅವಳಿಗೇ ಒಂದು ಕಾಗದ ಹಾಕಿ” ಎಂದಳು. ‘ಮನೇಲೇ’ ಎನ್ನುವ ಮಾತನ್ನು ಅವಳು ಬೇಕೆಂದೇ ಒತ್ತಿ ಹೇಳಿದಳು. ಆ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಸಭೆ ಒಪ್ಪಿತು. ಆದ್ದರಿಂದ ಬರೆಯುತ್ತಿದ್ದೇನೆ. ಪಿನ್‌ಹಾಮಿ ಜೋಯಿಸರು ಗುರುವಾರ ಮಧ್ಯಾಹ್ನದ ಮೇಲೆ ಒಳ್ಳೆಯದು ಎಂದಿದ್ದಾರೆ. ಆಗಲೇ ಅಂಚೆಗೆ ಹಾಕುತ್ತೇನೆ.

ಇಂತಿ,
ಬಿಸೋ ಮೆನಿಕೆ
ಕಾರ್ಯದರ್ಶಿ

ತಾಜಾ ಕಲಂ: ಈ ತಿಂಗಳ ಧೂಳಿಗೆ ನಿಮಗೆ ಕೆಮ್ಮು ಬರುತ್ತಿತ್ತು. ಅದನ್ನೂ ಸಂಘವೇ ಕೇಳಿದೆ ಎಂದು ತಿಳಿಯಿರಿ.


ಕುರುನೇಗಲ
ಜುಲೈ 11, 1961

ಕಾರ್ಯದರ್ಶಿಯವರಿಗೆ,

ಕೆಮ್ಮಿಲ್ಲ ಎಂದು ಸಂಘಕ್ಕೆ ತಿಳಿಸಿ. ಸಂಘಕ್ಕೆ ಮಂಡಿ ನೋವಿತ್ತು. ಅದು ಹೇಗಿದೆ ಎಂದು ಈ ನರ್ಸ್ ಕೇಳಿದಳು ಎಂದೂ ತಿಳಿಸಿ.

ನಿಮ್ಮ ಕಾಗದ ಓದಿ ನಾನು ವಾರ್ಡಿನಲ್ಲೇ ಕುಣಿದೆ. ಮೇಟ್ರನ್ ಬೈದರು. ನಮ್ಮೂರಲ್ಲಿ ಹೆರಿಗೆ ವಾರ್ಡು! ಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇಲ್ಲಿ ಒಂದೇ ಒಂದು ಮಾತು, ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಎಲ್ಲಕ್ಕಿಂತ ಮೊದಲು ಒಳ್ಳೆಯ ಒಲೆ ಕಟ್ಟಿಸಿ. ಹಾಸಿಗೆ ಆಮೇಲೆ. ಕತ್ತರಿ, ಸಿರಿಂಜು, ಹೊಕ್ಕುಳ ಬಳ್ಳಿಗೆ ಕಟ್ಟುವ ದಾರ ಎಲ್ಲವೂ ಕುದಿಯುವ ನೀರಿನಲ್ಲಿ ಬೇಯಬೇಕು. ಕುದಿಯುವ ನೀರಿಲ್ಲದ ವಾರ್ಡಿಗಿಂತ ಮರದ ನೆರಳು ವಾಸಿ. ಆ ಒಲೆ ಯಾವತ್ತೂ ಆರಬಾರದು.

ಇನ್ನು ಸಂಘಕ್ಕೆ ಸಂಬಂಧವಿಲ್ಲದ ಮಾತು. ತಿಲಕ ಚೆನ್ನಾಗಿದ್ದಾರೆ. ಇದೇ ಆಸ್ಪತ್ರೆಯ ಲಾರಿ ಓಡಿಸುತ್ತಾರೆ. ಅವರ ಜಾತಕ ನೋಡಿ ಪಿನ್‌ಹಾಮಿ ಜೋಯಿಸರು ಏನು ಹೇಳಿದ್ದರು, ನೆನಪಿದೆಯಲ್ಲ? ಈ ಮದುವೆ ನಡೆದರೆ ಹುಡುಗಿಯ ತಾಯಿ ವರ್ಷದೊಳಗೆ ಕಣ್ಣು ಮುಚ್ಚುತ್ತಾಳೆ ಎಂದಿದ್ದರು. ಮೂರು ವರ್ಷವಾಯಿತು. ನಿಮ್ಮ ಅಕ್ಷರದ ಒತ್ತು ನೋಡಿದರೆ ಇನ್ನೂ ಐವತ್ತು ವರ್ಷಕ್ಕೆ ಮೋಸವಿಲ್ಲ. ಇದನ್ನು ಕಂಡು ಈ ಊರಿನಲ್ಲಿ ಯಾರಿಗಾದರೂ ಸಂತೋಷವಾಗಿದ್ದರೆ ಅದು ಆ ಜಾತಕದ ಮನುಷ್ಯನಿಗೆ.

ಇಲಾಖೆಯವರು ಆಸ್ಪತ್ರೆಯ ಚರಿತ್ರೆಯನ್ನೂ ಕೇಳುತ್ತಾರೆ. ಬರೆದಿಡಿ. ನನಗೂ ಒಂದು ಪ್ರತಿ ಬೇಕು.

ಇಂತಿ,
ಇಂದ್ರಾಣಿ


ಮೀಗಹವೆವ
ಆಗಸ್ಟ್ 27, 1961

ಇಂದ್ರಾಣಿಗೆ,

‘ಮಾನ್ಯರೇ’ ಎಂದು ಬರೆಯಲು ಹೊರಟೆ. ಕೈ ತುಂಬ ಮಣ್ಣು, ಶಿಷ್ಟಾಚಾರಕ್ಕೆ ಪುರಸೊತ್ತಿಲ್ಲ.

ಇಟ್ಟಿಗೆ! ನಿನಗೆ ಹೇಗೆ ಹೇಳಲಿ? ಕೆರೆ ಬತ್ತಿ ತಳ ಕಾಣಿಸಿದ್ದೇ ತಡ, ಊರಿಗೆ ಊರೇ ಇಳಿದು ಮಣ್ಣು ತುಳಿಯುತ್ತಿದೆ. ಶಾಲೆ ಬಿಟ್ಟೊಡನೆ ನಾನೂ ಸೀರೆ ಎತ್ತಿ ಕಟ್ಟಿ ಇಳಿಯುತ್ತೇನೆ. “ಟೀಚರಮ್ಮ, ಲೆಕ್ಕ ಹೇಳ್ಕೊಡೋ ಕಾಲಲ್ಲಿ ಮಣ್ಣು ತುಳಿದ್ರೆ ಇಟ್ಟಿಗೆಗೂ ಮಗ್ಗಿ ಬರತ್ತೆ” ಎಂದು ಹುಡುಗರು ನಗುತ್ತಾರೆ. ನಗಲಿ. ಒಣಗಲು ಇಟ್ಟ ಇಟ್ಟಿಗೆಯ ಮೇಲೆ ರನ್ ಏತನಳ ನಾಯಿ ನಡೆದುಹೋಗಿ ಹೆಜ್ಜೆ ಮೂಡಿಸಿತು. ಡಾಕ್ಟರು ಎಸೆಯಿರಿ ಎಂದರು. “ಯಾಕ್ರೀ ಎಸೀಬೇಕು? ನಮ್ಮನೆ ನಾಯೀನೂ ಶ್ರಮದಾನ ಮಾಡಿದೆ” ಎಂದು ಅವಳು ಜಗಳಕ್ಕೆ ನಿಂತಳು. ಆ ಇಟ್ಟಿಗೆಯನ್ನು ಬಾಗಿಲ ಪಕ್ಕಕ್ಕೇ ಹಾಕುವುದೆಂದು ತೀರ್ಮಾನವಾಗಿದೆ. ಅವಳ ಸೊಸೆ ಸುಮನಾ ತಲೆಯ ಮೇಲೆ ನಾವೆಲ್ಲ ಹೊರುವುದಕ್ಕಿಂತ ಎರಡು ಇಟ್ಟಿಗೆ ಹೆಚ್ಚು ಹೊರುತ್ತಾಳೆ. ಈಗ ತಿಂಗಳು ನಿಂತಿದೆ, ಹೊರಬೇಡ ಎಂದರೆ, “ನಾನು ಮಲಗೋ ಮನೆ ನಾನೇ ಕಟ್ಕೋತೀನಿ ಬಿಡಿ” ಎನ್ನುತ್ತಾಳೆ.

ಒಲೆಯ ಮಾತು ಸಭೆಯಲ್ಲಿ ಓದಿದೆ. ವಾರ್ಡಿನ ಹಿಂದೆ ಅಡುಗೆಮನೆ, ಅದಕ್ಕೆ ಎತ್ತರದ ಹೊಗೆಗೂಡು ಎಂದು ನಿರ್ಣಯವಾಯಿತು.

ಚರಿತ್ರೆ ಕೇಳಿದ್ದೆ. ಇಲಾಖೆಗೆ ಕಳಿಸಿದ್ದು ಹೀಗಿದೆ.

ಮಲೇರಿಯಾ ವರ್ಷ, ಮೂವತ್ತೈದನೇ ಇಸವಿ. ಹೆಣ ಹೊರಗೆ ಬಾರದ ಮನೆಯೇ ಇರಲಿಲ್ಲ. ಆಗ ಸರ್ಕಾರದ ಕಡೆಯವನೊಬ್ಬ ಸೈಕಲ್ಲಿಗೆ ಸೀಸೆ ಕಟ್ಟಿಕೊಂಡು ಬಂದು ಕೆರೆ ಏರಿಯ ಹಿಪ್ಪೆ ಮರದ ಕೆಳಗೆ ನಿಂತ. ಅದೇ ನಮ್ಮ ಆಸ್ಪತ್ರೆಯ ಹುಟ್ಟು. ಕ್ವಿನೈನ್ ಕಹಿಗೆ ಎಲ್ಲರೂ ಬಾಯಲ್ಲಿ ಇಟ್ಟುಕೊಂಡು ಮರದ ಹಿಂದೆ ಉಗಿಯುತ್ತಿದ್ದೆವು. ಅವನು ಜಾಣ. ಕುಡಿದವರು ಅಲ್ಲೇ ನಿಂತು ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಿ ಹೋಗಬೇಕು ಎಂದ. ಬಾಯಲ್ಲಿ ಔಷಧಿ ಇಟ್ಟುಕೊಂಡು ಮುತ್ತಜ್ಜನವರೆಗೆ ಹೋಗಲು ಯಾರಿಗಾಗುತ್ತದೆ? ನುಂಗಿದೆವು, ಬದುಕಿದೆವು. ಆಮೇಲೆ ವಿಹಾರದ ಧರ್ಮಶಾಲೆಯ ಮೂಲೆಯಲ್ಲಿ ಒಂದು ಮೇಜು. ಯುದ್ಧದ ಕೊನೆಗೆ ಮಣ್ಣಿನ ಎರಡು ಕೋಣೆ. ಐವತ್ತರಲ್ಲಿ ಜಾಫ್ನಾದಿಂದ ಕನಗಸಬೈ ಡಾಕ್ಟರು. ಎರಡು ವರ್ಷಕ್ಕೆಂದು ಬಂದವರು ಊರಿನ ಅರ್ಧ ಮಕ್ಕಳ ಕಿವಿಯಿಂದ ಹುಣಸೆಬೀಜ ತೆಗೆಯುತ್ತ ಇಲ್ಲೇ ಉಳಿದರು. ಹೆರಿಗೆ ಕಷ್ಟವಾದರೆ ಎತ್ತಿನಗಾಡಿಯಲ್ಲಿ ಅನುರಾಧಪುರ. ನಲವತ್ತೆರಡರಲ್ಲಿ ನನ್ನ ತಂಗಿ ನಂದಾಳನ್ನು ಹಾಗೆ ಹೊರಡಿಸಿದರು. ಗಾಡಿ ಕೆರೆ ಏರಿಯಿಂದಲೇ ವಾಪಸು ಬಂತು. ಈಗ ವಾರ್ಡು.

ಇಷ್ಟೇ. ಮಂಡಿ ಪರವಾಗಿಲ್ಲ.

ಬಿಸೋ ಮೆನಿಕೆ
(ಕಾರ್ಯದರ್ಶಿ)


ಕುರುನೇಗಲ
ಸೆಪ್ಟೆಂಬರ್ 15, 1961

ಅಮ್ಮಾ,

‘ಕಾರ್ಯದರ್ಶಿ’ಯನ್ನು ಆವರಣದೊಳಗೆ ಹಾಕಿದ್ದಕ್ಕೆ ನಾನು ಈ ಧೈರ್ಯ ಮಾಡುತ್ತಿದ್ದೇನೆ.

ಚರಿತ್ರೆಯನ್ನು ತಿಲಕನಿಗೆ ಓದಿ ಹೇಳಿದೆ. ಮುತ್ತಜ್ಜನ ಹೆಸರಿಗೆ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಆದರೆ ಗಾಡಿಯ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ.

ಆಗ ನನಗೆ ಐದು ವರ್ಷ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಎತ್ತು ಕಟ್ಟಿ ಆಗಿತ್ತು. ಚಿಕ್ಕಮ್ಮ ಗಾಡಿಯೊಳಗೆ ಅಳುತ್ತಿದ್ದಳು. ಅಜ್ಜ ಹಗ್ಗ ಹಿಡಿದು ನಿಂತಿದ್ದ. ಗಳಿಗೆ ಸರಿಯಿಲ್ಲ, ಹೊತ್ತು ಇಳಿಯಲಿ ಎಂದು ಪಿನ್‌ಹಾಮಿ ಜೋಯಿಸರ ಅಪ್ಪ ಹೇಳಿ ಕಳಿಸಿದ್ದ. ನೀನು ಅಂಗಳದಲ್ಲಿ ನಿಂತು, “ಹೊಡೀರಿ ಗಾಡೀನ! ಯಾವ ಗಳಿಗೇನೂ ಬೇಡ, ಹೊಡೀರಿ!” ಎಂದು ಕೂಗುತ್ತಿದ್ದೆ. ನಿನ್ನ ಕೂಗಿಗೆ ಅಜ್ಜ ಹಗ್ಗ ಬಿಟ್ಟ. ಆಗಲೇ ತಡವಾಗಿತ್ತು ಅಮ್ಮ. ಇವತ್ತು ನರ್ಸ್ ಆಗಿ ಹೇಳುತ್ತೇನೆ, ಬೆಳಿಗ್ಗೆಯೇ ಹೊರಟಿದ್ದರೆ ಉಳಿಯುತ್ತಿದ್ದಳು.

ಆಮೇಲೆ ಊರವರು ಆಡಿದ್ದೂ ನೆನಪಿದೆ. ಹೊತ್ತಿಗೆ ಮುಂಚೆ ಹೊರಡಿಸಿದ್ದಕ್ಕೇ ಹೀಗಾಯಿತು, ಬಿಸೋ ಕೂಗಿ ಕೊಂದಳು ಎಂದರು. ಅವತ್ತಿನಿಂದ ನೀನು ಗಳಿಗೆ ನೋಡದೆ ಕಾಗದ ಸಹ ಅಂಚೆಗೆ ಹಾಕಿದವಳಲ್ಲ.

ಇನ್ನೊಂದು ಮಾತು. ನೀನು ಸತ್ತರೂ ಸರಿ ಎಂದು ನಾನು ತಿಲಕನ ಕೈ ಹಿಡಿಯಲಿಲ್ಲ. ಜೋಯಿಸರ ಮಾತು ನಂಬಲಿಲ್ಲ, ಅಷ್ಟೇ. ನಂಬಿದ್ದರೆ ಹೋಗುತ್ತಿದ್ದೆನಾ?

ನಿನ್ನ
ಇಂದ್ರಾಣಿ


ಮೀಗಹವೆವ
ಜನವರಿ 21, 1962

ಇಂದ್ರಾಣಿ,

ಮಧ್ಯೆ ಎಷ್ಟು ತಿಂಗಳಾಯಿತು ಎಂದು ನೀನೂ ಲೆಕ್ಕ ಹಾಕಬೇಡ, ನಾನೂ ಹಾಕುವುದಿಲ್ಲ. ನೀನು ಬರೆದದ್ದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೇರೆ ಸುದ್ದಿ ಬೇಕಾದಷ್ಟಿದೆ.

ಮಳೆ ಮುಗಿಯಿತು, ಚಾವಣಿ ಏರಿತು! ಹೆಂಚನ್ನು ಕೈಯಿಂದ ಕೈಗೆ ದಾಟಿಸಲು ಲಾರಿಯಿಂದ ಏಣಿಯವರೆಗೆ ಸಾಲು ನಿಂತೆವು. ಅತ್ತೆ ಸೊಸೆ, ಜಗಳವಾಡಿ ಮಾತು ಬಿಟ್ಟವರು, ಭಿಕ್ಷುಗಳು, ಸಾರಾಯಿ ಅಂಗಡಿಯವನು, ಎಲ್ಲರೂ ಒಂದೇ ಸಾಲು. ಒಂದು ಹೆಂಚೂ ಒಡೆಯಲಿಲ್ಲ. ಕೊನೆಯ ಹೆಂಚು ಕೂತಾಗ ಡಾಕ್ಟರು ತಮಿಳಿನಲ್ಲಿ ಏನೋ ಕೂಗಿದರು, ನಾವೆಲ್ಲ ಸಿಂಹಳದಲ್ಲಿ ‘ಸಾಧು’ ಎಂದೆವು. ಸುಣ್ಣ ಬಳಿದ ಮೇಲೆ ನೋಡಬೇಕು ನೀನು. ರಾಜನ ಮನೆ ಅಂದರೆ ನಂಬಬೇಕು.

ಹಾಸಿಗೆಗಳೂ ಬಂದವು. ನಿಮ್ಮ ಆಸ್ಪತ್ರೆ ಹಳೆಯ ಕಬ್ಬಿಣದ ಮಂಚಗಳನ್ನು ನಮಗೆ ಕೊಟ್ಟಿತಲ್ಲ, ನಿನ್ನ ಕೈವಾಡ ಎಂದು ಗೊತ್ತು. ತಂದವನು ಎಂಥ ಒಳ್ಳೆಯ ಡ್ರೈವರ್! ಇಳಿಸಿ ಹೋಗುವುದು ಬಿಟ್ಟು ಒಂದೊಂದನ್ನೂ ಜೋಡಿಸಿ, ಕುಂಟುವ ಕಾಲಿಗೆ ಚಕ್ಕೆ ಕೊಟ್ಟು, ತಾನೇ ಮಲಗಿ ನೋಡಿ, “ಇನ್ನು ಮೂರು ಮಕ್ಕಳನ್ನ ಒಟ್ಟಿಗೆ ಹೆತ್ರೂ ಅಲ್ಲಾಡಲ್ಲ ಅಮ್ಮ” ಎಂದ. ಊಟಕ್ಕೆ ಕರೆದೆ. ರಾಗಿ ಮುದ್ದೆ, ಕೆರೆಮೀನಿನ ಸಾರು. ಮೂರು ಸಲ ಬಡಿಸಿಕೊಂಡ. ಕೈ ತೊಳೆಯಲು ಬಾವಿಗೆ ಹೋದವನು ರಾಟೆ ಕಿರುಗುಟ್ಟುವುದು ಕೇಳಿ ಅದನ್ನೂ ಬಿಚ್ಚಿ ಸರಿಮಾಡಿ ಹೋದ. ಹೆಸರು ಕೇಳಿದರೆ, “ಡ್ರೈವರ್ ಅಂದ್ಕೊಳಿ ಅಮ್ಮ, ಸಾಕು” ಎಂದು ನಕ್ಕ. ತಾಯಿ ಚೆನ್ನಾಗಿ ಬೆಳೆಸಿದ್ದಾಳೆ. ಇಂಥವರನ್ನು ನಿಮ್ಮ ಮೇಲಿನವರು ಗುರುತಿಸಬೇಕು.

ಒಂದು ಜಗಳವೂ ಆಯಿತು. ಮಾರ್ಚ್ ಮೊದಲಿಗೆ ಎಲ್ಲ ಸಿದ್ಧವಾಗುತ್ತದೆ, ಆಗಲೇ ಬಾಗಿಲು ತೆಗೆಯೋಣ ಎಂದರು ಡಾಕ್ಟರು.

“ಹಾಲು ಉಕ್ಕಿಸದೆ ಹೊಸ ಮನೆಗೆ ಕಾಲಿಡ್ತಾರೇನ್ರೀ ಡಾಕ್ಟ್ರೇ?”

“ಇವತ್ತೇ ಉಕ್ಕಿಸಿ. ಹಾಲು ನಾನೇ ಕೊಡಿಸ್ತೀನಿ.”

“ಹೊಸ ವರ್ಷಕ್ಕೆ ಊರೆಲ್ಲಾ ಒಲೆ ಹಚ್ಚೋ ಗಳಿಗೆ ಬರತ್ತಲ್ಲ, ಆಗ್ಲೇ ಈ ಒಲೇನೂ ಹಚ್ಚೋದು. ಅಲ್ಲೀವರ್ಗೂ ಬೀಗ.”

“ಹೆಂಗಸ್ರ ನೋವಿಗೆ ನಿಮ್ಮ ಪಂಚಾಂಗ ಗೊತ್ತಿರತ್ತಾ ಟೀಚರಮ್ಮ?”

ಸಭೆ ನನ್ನ ಕಡೆ ಕೈ ಎತ್ತಿತು. ಬೀಗದ ಕೈ ನನ್ನ ಸೊಂಟದಲ್ಲಿದೆ.

ಅಮ್ಮ, ಕಾರ್ಯದರ್ಶಿ


ಕುರುನೇಗಲ
ಫೆಬ್ರವರಿ 6, 1962

ಅಮ್ಮಾ,

ಮೊದಲು ಸಣ್ಣ ಸುದ್ದಿ. ಡಾಕ್ಟರು ಹೇಳಿದ್ದು ಸರಿ, ನೀನು ಮಾಡಿದ್ದು ತಪ್ಪು. ಸಿದ್ಧವಾದ ವಾರ್ಡಿಗೆ ಆರು ವಾರ ಬೀಗ ಹಾಕಿಡುವುದೆಂದರೇನು? ಸುಮನಾಗೆ ಯಾವಾಗ ತಿಂಗಳು ತುಂಬುತ್ತದೆ, ಕೇಳಿದೆಯಾ?

ಎರಡನೆಯದು. ನಿಮ್ಮ ವಾರ್ಡಿನ ನರ್ಸ್ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೇನೆ. ಆ ಕಾಡಿಗೆ ಬೇರೆ ಯಾರೂ ಅರ್ಜಿ ಹಾಕಿಲ್ಲವಂತೆ, ಸಿಗುವುದು ಖಂಡಿತ ಎನ್ನುತ್ತಾರೆ.

ಮೂರನೆಯದು. ಕೂತುಕೊಂಡು ಓದು. ನಿನ್ನ ಮನೆಯಲ್ಲಿ ಮೂರು ಸಲ ಬಡಿಸಿಕೊಂಡ ಆ ಡ್ರೈವರ್ ತಿಲಕ. ಹೆಸರು ಹೇಳಬಾರದೆಂದು ಹೊರಟವರಲ್ಲ. ಬಾಗಿಲಲ್ಲಿ ನಿನ್ನ ಮುಖ ನೋಡಿ ಬಾಯಿ ಕಟ್ಟಿಹೋಯಿತಂತೆ. ನೀನು ಅವರನ್ನು ಜಾತಕದಲ್ಲಲ್ಲದೆ ಬೇರೆಲ್ಲೂ ನೋಡಿರಲಿಲ್ಲವಲ್ಲ. ಬಂದವರು ರಾತ್ರಿಯೆಲ್ಲ ನಿನ್ನ ಮೀನಿನ ಸಾರಿನ ಮಾತು. ನನ್ನದು ನೀರು ನೀರಂತೆ.

ನಿನ್ನ
ಇಂದ್ರಾಣಿ


ಮೀಗಹವೆವ
ಮಾರ್ಚ್ 19, 1962

ಶ್ರೀಮತಿ ಇಂದ್ರಾಣಿ ತಿಲಕರತ್ನ ಅವರಿಗೆ,

ನಿಮ್ಮ ಪತ್ರ ತಲುಪಿದೆ. ವಾರ್ಡಿನ ಆರಂಭದ ದಿನದಲ್ಲಿ ಬದಲಾವಣೆ ಇಲ್ಲ. ಮಿಡ್‌ವೈಫ್ ಎಮಲಿನ್ ನೋನ ಬಂದು ಸೇರಿದ್ದಾರೆ. ಮಾತು ಒರಟು, ಕೈ ಒಳ್ಳೆಯದು. ಸುಮನಾಗೆ ಹೊಸ ವರ್ಷ ಕಳೆದು ಎರಡು ವಾರಕ್ಕೆ ದಿನ ಎಂದು ಅವರು ಹೇಳಿದ್ದಾರೆ, ಆದ್ದರಿಂದ ಆತಂಕವಿಲ್ಲ.

ಬಿಸೋ ಮೆನಿಕೆ
ಕಾರ್ಯದರ್ಶಿ

ಬಾವಿಯ ರಾಟೆ ಸದ್ದು ಮಾಡುತ್ತಿಲ್ಲ.


ಕುರುನೇಗಲ
ಏಪ್ರಿಲ್ 4, 1962

ಅಮ್ಮಾ,

ಆರ್ಡರ್ ಬಂತು! ಮೀಗಹವೆವ ಗ್ರಾಮೀಣ ಆಸ್ಪತ್ರೆ, ಹೆರಿಗೆ ವಾರ್ಡು, ನರ್ಸ್ ಇಂದ್ರಾಣಿ. ಕಾಗದವನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡುತ್ತಿದ್ದೇನೆ. ಏಪ್ರಿಲ್ ಮುಗಿಯುವುದರೊಳಗೆ ಬಂದು ಸೇರಬೇಕು.

ಆದರೆ ಒಂದು ಮಾತು ನಿನ್ನಿಂದ ಬರಬೇಕು. ಒಬ್ಬಳೇ ಬರಲೋ, ಇಬ್ಬರೂ ಬರಲೋ? ಕ್ವಾರ್ಟರ್ಸ್ ಕಟ್ಟುವವರೆಗೆ ನಿನ್ನ ಮನೆಯಲ್ಲೇ ಇರಬೇಕು. ತಿಲಕ ಊರ ಹೊರಗೆ ಎಲ್ಲಾದರೂ ಕೋಣೆ ಹಿಡಿಯುತ್ತೇನೆ, ಅಮ್ಮನಿಗೆ ಮುಜುಗರ ಬೇಡ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬಳೇ ಬಾ ಎಂದರೆ ಆರ್ಡರ್ ಹಿಂದಕ್ಕೆ ಕೊಡುತ್ತೇನೆ. ನಮ್ಮೂರ ವಾರ್ಡಿಗೆ ಬೇರೆ ನರ್ಸ್ ಬರಲಿ. ಅಳುತ್ತೇನೆ, ಆದರೂ ಕೊಡುತ್ತೇನೆ.

ಸಂಘದ ಉತ್ತರ ಬೇಡ. ನಿನ್ನದು ಬೇಕು.

ಇಂದ್ರಾಣಿ


ಮೀಗಹವೆವ
ಏಪ್ರಿಲ್ 14, 1962, ಹೊಸ ವರ್ಷ

ಮಗಳೇ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಖುಷಿಯ ಅವಸರ!

ನಿನ್ನೆ ಬೆಳಿಗ್ಗೆ ಎಲ್ಲ ಎಂದಿನಂತೆ. ಒಲೆಗಳಿಂದ ಹಳೆಯ ಬೂದಿ ತೆಗೆದು ಸಾರಿಸಿದೆವು. ಮಧ್ಯಾಹ್ನ ಹಳೆ ವರ್ಷಕ್ಕೂ ಹೊಸದಕ್ಕೂ ನಡುವಿನ ಸಂಧಿಕಾಲ ಹಿಡಿಯಿತು. ಇನ್ನು ಇಂದು ಬೆಳಿಗ್ಗೆ ಒಲೆ ಹಚ್ಚುವ ಗಳಿಗೆಯವರೆಗೆ ಊರಿನಲ್ಲಿ ಬೆಂಕಿಯಿಲ್ಲ, ಕೆಲಸವಿಲ್ಲ. ಹೆಂಗಸರು ಹಲಸಿನ ಮರದ ಕೆಳಗೆ ಸುತ್ತ ಕೂತು ರಬಾನ ತಮಟೆ ಬಡಿಯುತ್ತಿದ್ದರು, ಮಕ್ಕಳು ಉಯ್ಯಾಲೆ. ನಾನು ಬಿಳಿಸೀರೆ ಉಟ್ಟು ವಿಹಾರಕ್ಕೆ ಹೂ ಹಿಡಿದು ಹೊರಟಿದ್ದೆ. ವಾರ್ಡಿನ ಒಲೆಯಲ್ಲಿ ಒಣ ತೆಂಗಿನ ಸಿಪ್ಪೆ ಜೋಡಿಸಿ, ಹಾಲು ಉಕ್ಕಿಸಲು ಹೊಸ ಮಡಕೆ ಇಟ್ಟು, ಹೆರಿಗೆಯ ಹೊತ್ತು ನೋಡಲು ಶಾಲೆಯ ಗಡಿಯಾರವನ್ನು ಗೋಡೆಗೆ ತೂಗುಹಾಕಿ, ಬೀಗ ಹಾಕಿ ಬಂದಿದ್ದೆ.

ರನ್ ಏತನ ತಲೆ ಕೆದರಿಕೊಂಡು ಓಡಿ ಬಂದಳು. ಸುಮನಾಗೆ ನೋವು ಶುರುವಾಗಿದೆ. ಎರಡು ವಾರ ಮೊದಲೇ! ಡಾಕ್ಟರು ಹಬ್ಬಕ್ಕೆ ಜಾಫ್ನಾಕ್ಕೆ ಹೋಗಿದ್ದಾರೆ. ಬಸ್ಸಿಲ್ಲ. ಗಾಡಿ ಕಟ್ಟೋಣ ಎಂದರೆ ಎಮಲಿನ್ ನೋನ ನೋಡಿ, “ಮಗು ಕಾಲು ಮುಂದಾಗಿ ಬರ್ತಿದೆ. ಗಾಡೀಲಿ ಹಾಕಿದ್ರೆ ಕೆರೆ ಏರಿ ದಾಟಲ್ಲ. ವಾರ್ಡ್ ತೆಗೀರಿ” ಎಂದರು.

ಕೆರೆ ಏರಿ ಎಂದರು ನೋಡು. ಅವರಿಗೇನು ಗೊತ್ತು.

ಬೀಗ ತೆಗೆದೆ. ಮಂಚದ ಮೇಲೆ ಮಲಗಿಸಿದೆವು. ಅಲ್ಲಾಡಲಿಲ್ಲ, ಹೇಳು ಅವನಿಗೆ. ಒಳಗಿನಿಂದ ಎಮಲಿನ್ ನೋನ, “ನಾನು ಇವಳನ್ನ ಬಿಟ್ಟು ಏಳಂಗಿಲ್ಲ. ಯಾರಾದ್ರೂ ಒಲೆ ಹಚ್ಚಿ, ಸಾಮಾನು ಕುದೀಬೇಕು, ಬೇಗ!” ಎಂದು ಕೂಗಿದರು.

ಅಡುಗೆಮನೆಯಲ್ಲಿ ಯಾರೂ ಕದಲಲಿಲ್ಲ. ರನ್ ಏತನ ಒಲೆಗೆ ಅಡ್ಡ ನಿಂತಳು. ಯಾವತ್ತೂ ಜೋರು ಮಾಡುವವಳು ನಿನ್ನೆ ಕೈಮುಗಿದಳು.

“ಬೇಡ ಟೀಚರಮ್ಮ. ವರ್ಷದ ಮೊದಲ್ನೇ ಬೆಂಕಿ, ಅದೂ ಸಂಧಿಕಾಲದಲ್ಲಿ. ಆ ದೋಷ ನನ್ನ ಮೊಮ್ಮಗೂನ ಸುತ್ಕೊಳತ್ತೆ. ನಾಳೆ ಬೆಳಿಗ್ಗೇವರ್ಗೂ ತಡ್ಕೊಳೋಣ.”

ಪಿನ್‌ಹಾಮಿ ಜೋಯಿಸರು ಕಿಟಕಿಯಾಚೆ ನಿಂತಿದ್ದರು. “ಗಳಿಗೆ ತಪ್ಪಬಾರ್ದು ಅಂತ ಇಡೀ ಊರಿಗೆ ಹೇಳಿದ್ದು ನೀವೇ ಅಲ್ವಾ?” ಎಂದರು.

ಹೌದು, ನಾನೇ. ಒಳಗೆ ಸುಮನಾ ‘ಅಮ್ಮಾ’ ಎಂದು ಕೂಗಿದಳು. ನಂದಾ ಕೂಡ ಗಾಡಿಯೊಳಗೆ ಹಾಗೇ ಕೂಗಿದ್ದಳು. ಇಪ್ಪತ್ತು ವರ್ಷದಿಂದ ಕಟ್ಟಿಕೊಂಡಿದ್ದ ನನ್ನ ಬಾಯಿ ಬಿಟ್ಟಿತು ಮಗಳೇ.

“ಯಾವ ಗಳಿಗೇನೂ ಬೇಡ! ಸರ್ಕೊಳ್ಳೇ ಪಕ್ಕಕ್ಕೆ! ಜೋಯಿಸ್ರೇ, ಸೊಂಟದಲ್ಲಿರೋ ಬೆಂಕಿಪೊಟ್ಣ ಈಚೆ ಕೊಡಿ!”

ಅವರು ಕೊಟ್ಟರು! ಮುಖ ಆಚೆ ತಿರುಗಿಸಿಕೊಂಡು ಕಿಟಕಿಯಿಂದ ಕೈ ಚಾಚಿ ಕೊಟ್ಟರು. ಗೀಚಿದೆ. ಸಿಪ್ಪೆ ಧಗ್ಗನೆ ಹೊತ್ತಿಕೊಂಡಿತು. ಹಾಲಿನ ಆ ಹೊಸ ಮಡಕೆಗೇ ನೀರು ಸುರಿದು ಕತ್ತರಿ, ದಾರ, ಸಿರಿಂಜು ಹಾಕಿದೆ. ನೆಲಕ್ಕೆ ಕೂತು ಊದುಗೊಳವೆ ಹಿಡಿದೆ. ಬಿಳಿಸೀರೆಯೆಲ್ಲ ಮಸಿ. ನಮ್ಮ ಎತ್ತರದ ಹೊಗೆಗೂಡಿನಿಂದ ಹೊಗೆ ಎದ್ದಿತು. ಊರಿಗೆಲ್ಲ ಅದೊಂದೇ ಹೊಗೆ. ರಬಾನ ನಿಂತುಹೋಯಿತು. ಉಯ್ಯಾಲೆ ನಿಂತಿತು. ಎಲ್ಲರೂ ಓಡಿ ಬಂದು ವಾರ್ಡಿನ ಅಂಗಳದಲ್ಲಿ ನಿಂತರು. ರನ್ ಏತನ ಮೂಲೆಯಲ್ಲಿ ಅಳುತ್ತ ನಿಂತಿದ್ದವಳು, ಸ್ವಲ್ಪ ಹೊತ್ತಿಗೆ ಬಂದು ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಸಿಪ್ಪೆ ಒಲೆಗೆ ಹಾಕತೊಡಗಿದಳು.

ಕುದ್ದದ್ದನ್ನು ಒಳಗೆ ಕೊಟ್ಟು ಬಂದು ಮತ್ತೆ ಊದಿದೆ. ಎಷ್ಟು ಹೊತ್ತು ಊದಿದೆನೋ. ಆಮೇಲೆ ಮಗು ಅತ್ತಿತು. ಎಂಥ ಗಂಟಲು! ಅಜ್ಜಿಯದೇ. ಹೆಣ್ಣುಮಗು. ಅಂಗಳದಲ್ಲಿ ಸಾಧು ಸಾಧು ಎಂಬ ಕೂಗು, ರಬಾನ ಬಡಿತ, ನಾಯಿ ಬೊಗಳುವುದು, ಎಲ್ಲ ಒಟ್ಟಿಗೆ. ಸುಮನಾ ಚೆನ್ನಾಗಿದ್ದಾಳೆ. “ನಾನು ಕಟ್ಟಿದ ಮನೆ ಅಲ್ವಾ” ಎಂದಳು, ಅಷ್ಟು ಸುಸ್ತಿನಲ್ಲೂ.

ಇಷ್ಟೆಲ್ಲ ಆದ ಮೇಲೆ ರನ್ ಏತನಗೆ ನೆನಪಾಯಿತು. “ಹೊತ್ತೆಷ್ಟು? ಹುಟ್ಟಿದಾಗ ಗಡಿಯಾರ ಯಾರು ನೋಡಿದ್ರಿ?”

ಎಲ್ಲರೂ ನನ್ನನ್ನು ನೋಡಿದರು. ಹೊತ್ತು ನೋಡುವುದು ಈ ಊರಿನಲ್ಲಿ ನನ್ನ ಕೆಲಸ ತಾನೇ. ಗಡಿಯಾರ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಊದುಗೊಳವೆ ಊದುತ್ತಿದ್ದೆ.

“ಎಮಲಿನ್ ನೋನ, ನೀವು?”

“ನನ್ನ ಕೈಲಿ ಮಗು ಇತ್ತಮ್ಮ. ಗಡಿಯಾರ ಇರ್ಲಿಲ್ಲ.”

ಜೋಯಿಸರು ಹಣೆ ಚಚ್ಚಿಕೊಂಡರು. “ಹೊತ್ತೇ ಇಲ್ದೆ ಜಾತಕ ಹೆಂಗ್ರೀ ಬರೀಲಿ ನಾನು?”

“ಬರೀಬೇಡಿ” ಎಂದೆ.

“ಹಂಗಾದ್ರೆ ನಾಳೆ ಇವಳ ಮದುವೆ? ಜಾತಕ ಇಲ್ದೆ ಇರೋ ಹುಡುಗೀಗೆ ಗಂಡು ಎಲ್ಲಿಂದ ತರೋದು?” ಎಂದಳು ರನ್ ಏತನ.

“ನೀನು ಯಾಕೇ ತರ್ತೀಯ? ಅವಳಿಗೆ ಬೇಕಾದವನನ್ನ ಅವಳೇ ಕರ್ಕೊಂಡು ಬರ್ತಾಳೆ. ಆಗ ಜಾತಕ ಕೂಡಲಿಲ್ಲ ಅಂತ ಬಾಗಿಲು ಹಾಕ್ಕೊಳೋಕೆ ಯಾರಿಗೂ ಆಗಲ್ಲ.”

ಹೇಳಿ ಆದ ಮೇಲೆ ನಾನು ಏನು ಹೇಳಿದೆ ಎಂದು ನನ್ನ ಕಿವಿಗೇ ಕೇಳಿಸಿತು. ರನ್ ಏತನ ನನ್ನನ್ನೇ ನೋಡುತ್ತಿದ್ದಳು. ಅವಳ ಬಾಯಿಗೆ ಬೀಗ ಬಿದ್ದದ್ದು ಇದೇ ಮೊದಲು.

ಇಂದು ಬೆಳಿಗ್ಗೆ ಗಳಿಗೆಗೆ ಊರೆಲ್ಲ ಒಲೆ ಹಚ್ಚಿತು. ವಾರ್ಡಿನ ಒಲೆಯಲ್ಲಿ ನಿನ್ನೆಯ ಕೆಂಡ ಇನ್ನೂ ಇತ್ತು. ಅದನ್ನು ಆರಿಸಿ ಹೊಸದಾಗಿ ಹಚ್ಚಿ ಎಂದರು ಕೆಲವರು. ಈ ಒಲೆ ಯಾವತ್ತೂ ಆರಬಾರದು ಎಂದು ನಮ್ಮ ನರ್ಸ್ ಬರೆದಿದ್ದಾಳೆ ಎಂದೆ. ಆ ಕೆಂಡದ ಮೇಲೇ, ರನ್ ಏತನ ಮನೆಯಿಂದ ತಂದ ಮಡಕೆಯಲ್ಲಿ ಹಾಲು ಉಕ್ಕಿತು. ಯಾವ ದಿಕ್ಕಿಗೆ ಉಕ್ಕಿತು ಎಂದು ನಾನು ನೋಡಲಿಲ್ಲ. ‘ಆಸ್ಪತ್ರೆ’ ಎಂಬ ಹಲಗೆ ಏರಿತು. ಹಾಲನ್ನ ತಿಂದು, ಸುಮನಾಗೂ ತಿನ್ನಿಸಿ ಬಂದು ಈ ಕಾಗದಕ್ಕೆ ಕೂತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ, ನನ್ನದು, ಸಂಘದ್ದಲ್ಲ. ಇಬ್ಬರೂ ಬನ್ನಿ. ನಡುಮನೆಯ ಕೋಣೆಗೆ ಸುಣ್ಣ ಬಳಿಸುತ್ತೇನೆ. ಮೀನಿನ ಸಾರು ನೀರು ನೀರಾಗಿ ಮಾಡುವವಳ ಕೈಯಲ್ಲಿ ಆ ಹುಡುಗ ನಾಲ್ಕು ವರ್ಷ ಹೇಗೆ ಬದುಕಿದನೋ.

ಕೆಲಸಕ್ಕೆ ಹೊರಡುವ ಒಳ್ಳೆಯ ಗಳಿಗೆ ಮುಂದಿನ ವಾರ ಇದೆಯಂತೆ, ಜೋಯಿಸರು ಚೀಟಿ ಬರೆದು ಕೊಟ್ಟಿದ್ದಾರೆ. ಅದು ಒಲೆಗೆ ಹೋಯಿತು. ಮೊದಲು ಯಾವ ಬಸ್ಸು ಸಿಗುತ್ತದೋ ಅದಕ್ಕೆ ಹತ್ತಿ.

ನಿಮ್ಮಿಬ್ಬರ
ಅಮ್ಮ